ಸಾಹೇಬರ ಚಾವಿ, ನಮ್ಮ ಪಿಸ್ತೂಲು

ಗನ್‌ಮ್ಯಾನ್ ಕೆಲಸಕ್ಕೆ ಹೊಸದಾಗಿ ಬಂದವರು ನನ್ನನ್ನು ಕಂಡರೆ ಮೊದಲು ಕೇಳುವುದು ಒಂದೇ: "ಕಾಕಾ, ಗುಂಡು ಹಾರಿಸೂ ಪಾಳಿ ಎಷ್ಟ ಸಲ ಬಂತ್ರಿ?" ಒಂದು ಸಲವೂ ಬರಲಿಲ್ಲ ಎಂದರೆ ಅವರ ಮುಖ ಬಾಡುತ್ತದೆ. ಚಾವಿ ಹಿಡಿದುಕೊಳ್ಳುವ ಪಾಳಿ ಎಷ್ಟು ಸಲ ಬಂತು ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಲೆಕ್ಕ ಹೇಳಲು ನನ್ನಿಂದ ಆಗಲಿಕ್ಕೂ ಇಲ್ಲ. ದೊಡ್ಡವರ ಕಾರಿನ ಚಾವಿ, ಮೊಬೈಲು, ಕನ್ನಡಕ, ಬೆವರು ಒರೆಸುವ ಟವೆಲ್ಲು, ನೀರಿನ ಬಾಟಲಿ, ಒಮ್ಮೆ ಒಬ್ಬರ ಕಟ್ಟಿಸಿದ ಹಲ್ಲು ಕೂಡ ನಾನು ಕಾದಿದ್ದೇನೆ. ಗನ್‌ಮ್ಯಾನ್ ಎಂದರೆ ನಮ್ಮ ಕಡೆಯ ದೊಡ್ಡ ಮಂದಿಯ ಪಾಲಿಗೆ ನಡೆದಾಡುವ ಜೇಬು. ಆ ಜೇಬಿನೊಳಗೆ ಒಂದು ಪಿಸ್ತೂಲೂ ಇರುತ್ತದೆ ಎಂಬುದು ಅವರಿಗೆ ನೆನಪಾಗುವುದು ಫೋಟೋ ತೆಗೆಯುವಾಗ ಮಾತ್ರ.

ನಾನು ಸಿಟ್ಟಿನಿಂದ ಬರೆಯುತ್ತಿದ್ದೇನೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಿವೃತ್ತನಾದ ಮೇಲೆ ಸಿಟ್ಟು ಇಳಿಯುತ್ತದೆ ಎನ್ನುತ್ತಾರೆ. ನನ್ನದು ಇಳಿದಿಲ್ಲ. ಯಾವ ವರ್ಷ ಯಾವ ಪಟ್ಟಿ ತೋಳಿಗೇರಿತು ಎಂಬ ಪುರಾಣ ಇಲ್ಲಿ ಸಿಗುವುದಿಲ್ಲ. ಅದು ನನ್ನ ಹೆಂಡತಿಗೂ ನೆನಪಿಲ್ಲ. ಓಡುವ ಮನುಷ್ಯನ ಹಿಂದೆ ಪಿಸ್ತೂಲು ಮುಚ್ಚಿಟ್ಟುಕೊಂಡು ಓಡುವುದು ಎಂದರೇನು, ಅದರಿಂದ ನಮ್ಮ ಜೊತೆಗಾರ ಕಾಂಬಳೆಯ ಕಾಲು ಹೇಗೆ ಹೋಯಿತು, ಇಷ್ಟನ್ನೇ ಹೇಳುತ್ತೇನೆ.

ನಮ್ಮದು ಮೂಡಲಗಿ ಪಕ್ಕದ ಹಳ್ಳಿ, ಕುರಿ ಕಾಯುವ ಮನೆತನ. ಕುರಿ ಹಿಂದೆ ಓಡಿದ ಕಾಲೇ ನನ್ನನ್ನು ಸಶಸ್ತ್ರ ಮೀಸಲು ಪಡೆಗೆ ಸೇರಿಸಿತು. ಗನ್‌ಮ್ಯಾನ್ ಆಗಿ ಮೊದಲು ಕಳಿಸಿದ್ದು ಗೋಕಾಕದ ಒಬ್ಬ ಹಿರಿಯ ಧುರೀಣರ ಹತ್ತಿರ. ಬೆಳಗ್ಗೆ ಜಲಪಾತದ ರಸ್ತೆಯಲ್ಲಿ ಅವರು ವಾಕಿಂಗ್ ಹೋಗುತ್ತಿದ್ದರು. ನಾನು ಅಂಗಿ ಹೊರಗೆ ಬಿಟ್ಟು ಪಿಸ್ತೂಲು ಮುಚ್ಚಿಕೊಂಡಿದ್ದರೆ ಅವರಿಗೆ ಸಮಾಧಾನವಿಲ್ಲ.

"ಯಲ್ಲಪ್ಪಾ, ಅಂಗಿ ಒಳಗ ಹಾಕ್ಕೋ. ಮುಚ್ಚಿಟ್ಟರ ಮಂದಿಗಿ ಹೆಂಗ ಗೊತ್ತಾಗಬೇಕು?"

"ಗೊತ್ತಾಗಬಾರದಂತನ ಮುಚ್ಚೂದ್ರಿ."

"ನೀ ನನಗ ಹೇಳಾಕ ಬರಬ್ಯಾಡ."

ಚಹಾದಂಗಡಿಯ ಮುಂದೆ ಗೆಳೆಯರು ಸೇರಿದರಂತೂ ಮುಗಿಯಿತು. "ತಗೀ, ಇವರಿಗೊಮ್ಮೆ ತೋರಸು" ಎನ್ನುವರು. ಒಂದು ದಿನ ತಡೆಯದೆ ಅಂದೆ, "ಇದು ಮಗಳ ಮದುವಿ ಬಂಗಾರ ಅಲ್ರಿ, ಬಂದವರಿಗೆಲ್ಲ ತೋರಸಾಕ." ಎಲ್ಲರ ಮುಂದೆ ನಕ್ಕರು. ಮನೆಗೆ ಹೋಗಿ ನಮ್ಮ ಸಾಹೇಬರಿಗೆ ಫೋನು ಮಾಡಿದರು. ಸಾಹೇಬರು ಅಂದರೆ ಪಡೆಯಲ್ಲಿ ನಮ್ಮ ಮೇಲಿನ ಅಧಿಕಾರಿ. ಹೆಸರು ಬರೆಯುವುದಿಲ್ಲ, ಈ ಬರಹದಲ್ಲಿ ಸಾಹೇಬರು ಎಂದರೆ ಅವರೊಬ್ಬರೇ. ಕರೆದು ಬೈದರು. ಯಾಕೆ ತೋರಿಸಲಿಲ್ಲ ಎಂದಲ್ಲ, ಯಾಕೆ ಎದುರು ಮಾತಾಡಿದೆ ಎಂದು.

ಅಲ್ಲಿಂದ ನನ್ನನ್ನು ಮೂಡಲಗಿಯ ಕಡೆ ಒಬ್ಬ ಮೇಡಮ್ಮರ ಕಾವಲಿಗೆ ಹಾಕಿದರು. ಹೊಳೆಯ ಉಸುಕು ಕದ್ದು ತುಂಬುವವರ ಟ್ರ್ಯಾಕ್ಟರು ಹಿಡಿದಿದ್ದರು ಆ ಅಧಿಕಾರಿ. ಅವರ ಜೀಪಿಗೆ ಕಲ್ಲು ಬಿದ್ದಿತ್ತು. ಕಾಲೇಜಿನ ದಿನದಿಂದಲೂ ಅವರಿಗೆ ದಿನಾ ಬೆಳಗ್ಗೆ ಓಡುವ ರೂಢಿ. ಕಲ್ಲು ಬಿತ್ತೆಂದು ಓಟ ಬಿಡುವ ಹೆಣ್ಣುಮಗಳಲ್ಲ. ಅರಭಾವಿ ಕಡೆಯ ಕಾಲುವೆ ರಸ್ತೆಯಲ್ಲಿ ಓಡುವರು, ಹಿಂದೆ ನಾನು. ಮೊದಲ ದಿನವೇ ಹೇಳಿದರು, "ಯಲ್ಲಪ್ಪನವರೇ, ಯೂನಿಫಾರ್ಮ್ ಬೇಡ. ಗನ್ ಕಾಣೋದೂ ಬೇಡ. ಅದನ್ನ ನೋಡಿದ್ರೆ ಜನ ನನ್ನ ಹತ್ರ ಬಂದು ಮಾತಾಡೋದೇ ಬಿಡ್ತಾರೆ." ನನ್ನ ನೌಕರಿಯಲ್ಲಿ ಪಿಸ್ತೂಲು ಮುಚ್ಚಿಡು ಎಂದ ಮೊದಲ ವ್ಯಕ್ತಿ ಅವರು. ತಮ್ಮ ನೀರಿನ ಬಾಟಲಿ ತಾವೇ ಹಿಡಿದು ಓಡಿದವರೂ ಅವರೊಬ್ಬರೇ.

ಆದರೆ ಮುಚ್ಚಿಡುವುದು ಎಲ್ಲಿ? ನಮಗೆ ಕೊಟ್ಟಿದ್ದ ಚರ್ಮದ ಹೋಲ್‌ಸ್ಟರು ಬಾಗಿಲ ಬಳಿ ನಿಲ್ಲುವವರಿಗೆ ಮಾಡಿದ್ದು. ದಪ್ಪ ಬೆಲ್ಟು ಇದ್ದರೆ ಮಾತ್ರ ನಿಲ್ಲುತ್ತದೆ. ಟ್ರ್ಯಾಕ್ ಪ್ಯಾಂಟಿಗೆ ಎಲಾಸ್ಟಿಕ್ಕಿನ ಸೊಂಟ. ಅದಕ್ಕೆ ಸಿಕ್ಕಿಸಿದರೆ ಪ್ಯಾಂಟೇ ಕೆಳಗೆ. ಆಗ ನನ್ನ ಕುರುಬ ಬುದ್ಧಿ ಓಡಿತು. ನಮ್ಮ ಕಡೆ ಗಂಡಸಿನ ಸೊಂಟಕ್ಕೆ ಹುಟ್ಟಿದಾಗ ಕಟ್ಟಿದ ಉಡದಾರ ಸಾಯುವತನಕ ಇರುತ್ತದೆ. ಬೀಗದ ಚಾವಿಯಿಂದ ಹಿಡಿದು ಮುಳ್ಳು ತೆಗೆಯುವ ಚಿಮಟದತನಕ ಎಲ್ಲ ಅದಕ್ಕೇ ಕಟ್ಟುವುದು. ಪಿಸ್ತೂಲಿನ ಹಿಡಿಗೆ ಇರುವ ಡೋರಿಯನ್ನು ಉಡದಾರಕ್ಕೆ ಬಿಗಿದು, ಪಿಸ್ತೂಲನ್ನು ಪ್ಯಾಂಟಿನೊಳಗೆ ಸಿಕ್ಕಿಸಿ ಓಡಿದೆ. ಚೇಂಬರು, ಅಂದರೆ ಹಾರಲು ಸಿದ್ಧವಾದ ಗುಂಡು ಕೂಡುವ ಜಾಗ, ಖಾಲಿ ಇಟ್ಟಿದ್ದೆ, ಅಷ್ಟಾದರೂ ಬುದ್ಧಿ ಇತ್ತು.

ತೋಟಗಾರಿಕೆ ಕಾಲೇಜಿಗೆ ಹೋಗುವವರು ಬಸ್ಸಿಗೆ ನಿಂತಿದ್ದರು. ಸರಿಯಾಗಿ ಅವರ ಮುಂದೆ ಪಿಸ್ತೂಲು ಎಲಾಸ್ಟಿಕ್ಕಿನಿಂದ ಜಾರಿ ಪ್ಯಾಂಟಿನ ಕಾಲೊಳಗೆ ಇಳಿಯಿತು. ಡೋರಿ ಹಿಡಿದುಕೊಂಡಿತು, ಆದರೆ ಪಿಸ್ತೂಲು ಮೊಣಕಾಲಿನ ಹತ್ತಿರ ಗಂಟೆಯ ಹಾಗೆ ಅಲ್ಲಾಡತೊಡಗಿತು. ನಾನು ತೊಡೆ ಹಿಡಿದು ಕುಂಟುತ್ತ ನಿಂತೆ. ಬಸ್ಸಿಗೆ ಕಾಯುತ್ತಿದ್ದ ಮುದುಕಿಯೊಬ್ಬಳು, "ಏನಾತೋ ಯಪ್ಪಾ, ಇಳಿತೇನ?" ಎಂದಳು. ಅಂತ್ರಚಳಕ, ಅಂದರೆ ಹರ್ನಿಯಾ, ಎಂದು ತಿಳಿದಿದ್ದಳು. ಮೇಡಂ ಹಿಂತಿರುಗಿ ನೋಡಿ, ನಗು ತಡೆಯಲಾಗದೆ ಕಾಲುವೆ ಕಡೆಗೆ ಮುಖ ಮಾಡಿ ನಿಂತರು.

ಈಗ ನಗಬಹುದು. ಅಂದು ನಗಲಿಲ್ಲ. ಚೇಂಬರಿನಲ್ಲಿ ಗುಂಡಿದ್ದು, ಜಾರುವಾಗ ಗಾಬರಿಯಿಂದ ಕೈ ಹಾಕಿ ಹಿಡಿಯಲು ಹೋಗಿದ್ದರೆ, ಬೆರಳು ಮೊದಲು ಸಿಕ್ಕುವುದು ಟ್ರಿಗರಿಗೇ. ಹೊಸಬರು ಇದನ್ನು ನೆನಪಿಡಬೇಕು. ಪಿಸ್ತೂಲು ಜಾರಿದರೆ ಬೀಳಲಿ, ಹಿಡಿಯಲು ಹೋಗಬೇಡಿ. ಬಿದ್ದ ಪಿಸ್ತೂಲಿಗಿಂತ ಅವಸರದಲ್ಲಿ ಹಿಡಿದ ಪಿಸ್ತೂಲು ಕೆಟ್ಟದ್ದು.

ಅದೇ ದಿನ ಸಾಹೇಬರ ಮುಂದೆ ಹೋಗಿ ನಿಂತೆ. ಓಡುವಾಗ ಕಟ್ಟಿಕೊಳ್ಳಲು ಬೇರೆ ಬೆಲ್ಟು ಕೊಡಿಸಬೇಕು ಎಂದು ಕೇಳಿದೆ.

"ನಿನ್ನ ಗನ್‌ಮ್ಯಾನ್ ಅಂತ ಕಳಿಸೇವೋ, ಓಟಗಾರ ಅಂತ ಕಳಿಸೇವೋ?"

"ಮೇಡಮ್ಮರು ಓಡತಾರ್ರಿ. ನಾ ನಿಂತ್ರ ಕಾವಲಾ ಹೆಂಗ ಆಗತೈತ್ರಿ?"

"ಅವರಿಗಿ ಓಡಬ್ಯಾಡ್ರಿ ಅಂತ ಹೇಳು. ಇಲಾಖಾ ಕೊಟ್ಟಿದ್ದು ಏನೈತಿ ಅದನ್ನ ಕಟ್ಟಗೊ. ನಡಿ."

ಈಗಲೂ ಈ ಮಾತು ನೆನಪಾದರೆ ಮೈ ಉರಿಯುತ್ತದೆ. ಪಿಸ್ತೂಲು ಹೊಸದು ಬಂತು, ಗುಂಡು ಹೊಸದು ಬಂತು, ಅದನ್ನು ಮೈಮೇಲೆ ಇಟ್ಟುಕೊಳ್ಳುವ ಮನುಷ್ಯನಿಗೆ ಒಂದು ಪಟ್ಟಿ ಮಾತ್ರ ಬರಲಿಲ್ಲ.

ಕೊನೆಗೆ ದಾರಿ ತೋರಿಸಿದವನು ಕಾಂಬಳೆ. ನಮ್ಮ ಪಡೆಯವನೇ, ನನಗಿಂತ ಚಿಕ್ಕವನು, ನನ್ನನ್ನು ಅಣ್ಣಾ ಎನ್ನುತ್ತಿದ್ದ. ಸಂಕೇಶ್ವರದ ಹತ್ತಿರದ ಹಳ್ಳಿ. ಅವನ ಅಪ್ಪ ಕೊಲ್ಹಾಪುರಿ ಚಪ್ಪಲಿ ಹೊಲಿಯುತ್ತಿದ್ದ. ಆ ಮುದುಕ ಮಗನಿಗೆ ಚರ್ಮ ಹೊಲಿಯುವ ಆರಿ ಮುಟ್ಟಲು ಬಿಟ್ಟಿರಲಿಲ್ಲ. "ಈ ಕೆಲಸ ನನಗ ಮುಗೀಲಿ, ನೀ ಬೂಟ ಹಾಕ್ಕೊಂಡ ಹೋಗು" ಎಂದು ಓದಿಸಿ, ಬಾಬಾಸಾಹೇಬರ ಫೋಟೋದ ಕೆಳಗೆ ಮಗನ ಯೂನಿಫಾರ್ಮಿನ ಫೋಟೋ ತೂಗುಹಾಕಿದ್ದ. ಆದರೆ ಕಣ್ಣಿಗೆ ಕಟ್ಟು ಹಾಕಲಾಗುತ್ತದೆಯೇ? ನೋಡಿ ನೋಡಿ ಕಾಂಬಳೆಗೆ ಕೆಲಸ ಬಂದಿತ್ತು.

"ಅಣ್ಣಾ, ಆಪರೇಷನ್ ಆದವರು ಹೊಟ್ಟಿಗಿ ಒಂದ ಅಗಲ ಪಟ್ಟಿ ಕಟ್ಟತಾರಲಾ, ಅದನ್ನ ತಗೊಂಡ ಬಾ. ಉಳದದ್ದು ನಾ ನೋಡತೇನಿ" ಎಂದ.

ಘಟಪ್ರಭಾದ ಔಷಧಿ ಅಂಗಡಿಗೆ ಹೋದೆ. ಅಂಗಡಿಯವರು ಕೇಳಿದರು, "ಬಾಣಂತಿಗೇನ್ರಿ? ಸೊಂಟದ ಅಳತಿ ಹೇಳ್ರಿ." ನನ್ನ ಸೊಂಟಕ್ಕೇ ಸುತ್ತಿ ನೋಡಿದೆ. ಅವರು ಮುಂದೆ ಏನೂ ಕೇಳಲಿಲ್ಲ, ಪಾಪ. ಆ ಪಟ್ಟಿಯ ಮೇಲೆ ಕಾಂಬಳೆ ಗಟ್ಟಿ ಚರ್ಮದ ಒಂದು ಗೂಡು ಹೊಲಿದು ಕೊಟ್ಟ. ಚಪ್ಪಲಿಯ ಅಟ್ಟೆಗೆ ಹಾಕುವ ಚರ್ಮ, ಒತ್ತಿದರೆ ಬಾಗುವುದಿಲ್ಲ. ಟ್ರಿಗರು ಪೂರ್ತಿ ಅದರೊಳಗೆ ಮುಚ್ಚಿಹೋಗುತ್ತಿತ್ತು. ಹಿಡಿಯ ಮೇಲೆ ಒಂದು ಗುಂಡಿಪಟ್ಟಿ. ಅವನಪ್ಪ ಜಗುಲಿಯ ಮೇಲೆ ಕೂತು ಎಲ್ಲ ನೋಡಿದ. "ಇದೊಂದ ಸಲ. ಮತ್ತ ಆರಿ ಮುಟ್ಟಬ್ಯಾಡ" ಎಂದ.

ಆ ಪಟ್ಟಿ ಕಟ್ಟಿಕೊಂಡು ವರ್ಷಗಟ್ಟಲೆ ಓಡಿದ್ದೇನೆ. ಹೊಕ್ಕಳಿನ ಮಟ್ಟಕ್ಕೆ, ಬಲಗಡೆ ಸ್ವಲ್ಪ ಮುಂದಕ್ಕೆ ಕಟ್ಟಬೇಕು. ಬೆನ್ನ ನಡುವೆ ಕಟ್ಟಬಾರದು, ಎಡವಿ ಬಿದ್ದರೆ ಪಿಸ್ತೂಲಿಗಿಂತ ಮೊದಲು ಬೆನ್ನೆಲುಬು ಮುರಿಯುತ್ತದೆ. ಒಳಗೆ ತೆಳ್ಳನೆಯ ಬನಿಯನ್ ಇರಲಿ, ಇಲ್ಲದಿದ್ದರೆ ಚರ್ಮಕ್ಕೆ ಚರ್ಮ ಉಜ್ಜಿ ಹುಣ್ಣಾಗುತ್ತದೆ. ಮೇಲೆ ಸಡಿಲ ಅಂಗಿ, ಕಡುಬಣ್ಣದ್ದು. ಓಡುವಾಗ ಘಳಿಗೆಗೊಮ್ಮೆ ಮುಟ್ಟಿ ನೋಡಿಕೊಳ್ಳುವ ಚಟ ಬಿಡಬೇಕು, ಅದು ಊರಿಗೆಲ್ಲ ಸಾರಿ ಹೇಳಿದಂತೆ. ಮನೆಗೆ ಬಂದ ಕೂಡಲೆ ಸ್ನಾನ ಮೊದಲು ಪಿಸ್ತೂಲಿಗೆ, ಆಮೇಲೆ ನಮಗೆ. ಬೆವರಿನ ಉಪ್ಪು ಕಬ್ಬಿಣ ತಿನ್ನುತ್ತದೆ. ಎಲ್ಲಕ್ಕಿಂತ ದೊಡ್ಡ ಮಾತು: ಪಿಸ್ತೂಲು ಇರುವ ಜಾಗದಲ್ಲಿ ಪಿಸ್ತೂಲು ಬಿಟ್ಟು ಒಂದು ಬಟಾಣಿ ಕಾಳೂ ಇರಬಾರದು.

ಇದನ್ನು ಕಾಂಬಳೆ ನನಗಿಂತ ಚೆನ್ನಾಗಿ ತಿಳಿದಿದ್ದ. ಅದಕ್ಕೇ ನನ್ನ ಸಿಟ್ಟು ಇಳಿಯದಿರುವುದು.

ಅವನನ್ನು ಹುಕ್ಕೇರಿಯ ಒಬ್ಬ ಯುವ ಧುರೀಣರಿಗೆ ಕೊಟ್ಟರು. ಎಲ್ಲರೂ ಅಣ್ಣಾರು ಎನ್ನುತ್ತಿದ್ದರು. ಅವರಿಗೆ ಯಾರಿಂದ ಜೀವಭಯವಿತ್ತೋ ನನಗೆ ಇಂದಿಗೂ ತಿಳಿದಿಲ್ಲ. ಆದರೆ ಬೆಳಗ್ಗೆ ಮೈದಾನದಲ್ಲಿ ಓಡುವುದು, ಅದನ್ನು ಒಬ್ಬರು ಮೊಬೈಲಿನಲ್ಲಿ ಹಿಡಿಯುವುದು, ಚಹಾದ ಹೊತ್ತಿಗೆ ಅದು ಊರವರ ಮೊಬೈಲಿಗೆಲ್ಲ ಬರುವುದು ತಪ್ಪುತ್ತಿರಲಿಲ್ಲ. ಗನ್‌ಮ್ಯಾನ್ ಕೂಡ ಅವರಂಥದೇ ಬಿಗಿ ಟೀ ಶರ್ಟು ಹಾಕಿ ಪಕ್ಕದಲ್ಲಿ ಓಡಬೇಕು. ಕಾಂಬಳೆ ನನ್ನದರ ಹಾಗೆಯೇ ಒಂದು ಪಟ್ಟಿ ಹೊಲಿದು ಕಟ್ಟಿಕೊಂಡಿದ್ದ.

"ಏನಿದು, ಬಾಣಂತಿ ಹಂಗ ಕಾಣಾಕತ್ತಿ? ವಿಡಿಯೋದಾಗ ಉಬ್ಬಿ ಬರತೈತಿ. ಬಿಚ್ಚಿ ಒಗಿ. ಪ್ಯಾಂಟಿನ ಜೇಬಿನಾಗ ಇಟ್ಕೊ" ಎಂದರಂತೆ. ಮರುದಿನ ಇನ್ನೊಂದು ಆಜ್ಞೆ: "ಒಂದ ಗುಂಡ ಚೇಂಬರಿಗಿ ಏರಿಸೇ ಇಡು. ಆ ಹೊತ್ತಿನಾಗ ಎಳಕೋತ ಕುಂದರತೀ ಏನು?"

ಕಾಂಬಳೆ ನನಗೆ ಫೋನು ಮಾಡಿದ. "ಅಣ್ಣಾ, ಜೇಬಿನಾಗ ಗೂಡಿಲ್ಲದ ಪಿಸ್ತೂಲ, ಚೇಂಬರಿನಾಗ ಗುಂಡ. ನನಗ ಭಾಳ ಅಂಜಿಕಿ ಬರಾಕತ್ತೈತಿ."

"ಸಾಹೇಬ್ರಿಗಿ ಹೇಳು. ಇವತ್ತ ಹೇಳು" ಎಂದೆ.

ಹೇಳಿದ. ನಾನು ಅಂದು ಪಡೆಯ ಕಚೇರಿಗೆ ಪಿಸ್ತೂಲು ತಪಾಸಣೆಗೆ ಹೋಗಿದ್ದೆ, ಬಾಗಿಲ ಹೊರಗೇ ನಿಂತಿದ್ದೆ. ಸಾಹೇಬರು ಅಂದದ್ದು ನನ್ನ ಕಿವಿಗೆ ಬಿತ್ತು: "ಅವರ ಮರ್ಜಿ ಹಿಡದ ನಡಿ. ಆ ಪಟ್ಟಿ ಗಿಟ್ಟಿ ಇಲಾಖಾದ್ದಲ್ಲ, ಬಿಡು. ಅವರು ಹೆಂಗ ಹೇಳತಾರ ಹಂಗ ಮಾಡು. ನನಗ ಮ್ಯಾಲಿಂದ ಫೋನ ಬರಬಾರದು."

ಆಮೇಲೆ ಆದದ್ದನ್ನು ಕಾಂಬಳೆಯ ಬಾಯಿಂದಲೇ ಘಟಪ್ರಭಾದ ಆಸ್ಪತ್ರೆಯಲ್ಲಿ ಕೇಳಿದೆ. ಓಟ ಶುರುವಾಗುವ ಮೊದಲು ಅಣ್ಣಾರು ನೀರಿನ ಬಾಟಲಿ ಕೊಟ್ಟರು, ಒಂದು ಕೈ ಹೋಯಿತು. ಟವೆಲ್ಲು ಕೊಟ್ಟರು, ಇನ್ನೊಂದು ಕೈ ಹೋಯಿತು. ಮೊಬೈಲು ಕೊಟ್ಟರು, ಅದು ಎಡಜೇಬಿಗೆ. ನಾಲ್ಕು ಹೆಜ್ಜೆ ಓಡಿದವರು ತಿರುಗಿ ಬಂದು, ಹೊಸ ಕಾರಿನ ಚಾವಿಯ ಗೊಂಚಲನ್ನು "ಇದನ್ನೂ ಇಟ್ಕೊ" ಎಂದು ಚಾಚಿದರು. ಕಾಂಬಳೆ ತೋಳು ಚಾಚಿ ನಿಂತ, ಎಲ್ಲಿಡಲಿ ಎಂಬಂತೆ. ಅವರೇ ಅದನ್ನು ಪಿಸ್ತೂಲು ಇದ್ದ ಅವನ ಬಲಜೇಬಿಗೆ ತುರುಕಿ ಓಡಿದರು. ಹಿಂದೆ ಕ್ಯಾಮೆರಾ ನಡೆಯುತ್ತಿತ್ತು. ಇವನೂ ಓಡಿದ. ಮೈದಾನದ ತಿರುವಿನಲ್ಲಿ ಚಾವಿ ಟ್ರಿಗರಿಗೆ ಸಿಕ್ಕಿ ಗುಂಡು ಹಾರಿ ತೊಡೆಯಿಂದ ಇಳಿದು ಮೊಣಕಾಲು ಒಡೆದುಕೊಂಡು ಹೋಯಿತು.

"ಅಣ್ಣಾ, ನಾ ಮುಟ್ಟಿಲ್ಲ. ನನ್ನ ಎರಡೂ ಕೈಯಾಗ ಅವರ ಸಾಮಾನ ಇದ್ದವು" ಎಂದ. ಇದೇ ಮಾತನ್ನು ಆ ದಿನ ಅವನು ಬಂದವರಿಗೆಲ್ಲ ಹೇಳಿದ.

ವಿಚಾರಣೆ ಮಾಡಲು ಯಾರನ್ನು ನೇಮಿಸಿದರು? ನಮ್ಮ ಸಾಹೇಬರನ್ನೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಕೇಳಿದ್ದೆ, ಅಂದು ಕಣ್ಣಾರೆ ಕಂಡೆ. ನನ್ನನ್ನು ಸಾಕ್ಷಿಗೆ ಕರೆದರು. ನಾನು ನನ್ನ ಪಟ್ಟಿಯನ್ನು ಬಿಚ್ಚಿ ಮೇಜಿನ ಮೇಲಿಟ್ಟೆ.

"ಇದನ್ನ ಕಟ್ಟಗೊಂಡಿದ್ರ ಅವನ ಕಾಲ ಉಳೀತಿತ್ರಿ. ಅವನ ಹತ್ರಾನೂ ಇತ್ತ, ಅಣ್ಣಾರು ಬಿಚ್ಚಿಸಿದ್ರು. ಮತ್ತ ಜೇಬಿನಾಗ ಇದ್ದದ್ದು ಅವರ ಕಾರಿನ ಚಾವಿ."

"ಚಾವಿ ಯಾರದು ಅನ್ನೂದು ಇಲ್ಲಿ ಪ್ರಶ್ನೆ ಅಲ್ಲ. ಯಾರ ಜೇಬಿನಾಗ ಇತ್ತು ಅನ್ನೂದು ಪ್ರಶ್ನೆ."

"ಅವರು ಹೇಳಿದಂಗ ಮಾಡು ಅಂತ ನೀವ ಹೇಳಿದ್ರಿ. ನಾ ಹೊರಗ ನಿಂತಿದ್ದೆ."

ಸಾಹೇಬರು ಕಣ್ಣೆತ್ತಲಿಲ್ಲ. "ಯಲ್ಲಪ್ಪಾ, ನಿನ್ನ ರಿಟೈರ್‌ಮೆಂಟ್ ಹತ್ರ ಐತಿ. ಉಪ್ಪ ತಿಂದವ ನೀರ ಕುಡೀಬೇಕು. ನೀ ಯಾಕ ನಡುವ ಬಾಯಿ ಹಾಕತಿ?"

ಉಪ್ಪು ತಿಂದವರು ಯಾರೋ, ನೀರು ಕುಡಿದವನು ಯಾರೋ. ಇಲಾಖೆ ಕೊಡದ ಸಾಮಾನು ಎಂದು ನನ್ನ ಪಟ್ಟಿಯನ್ನು ಜಪ್ತು ಮಾಡಿದರು, ನನಗೊಂದು ನೋಟೀಸು ಕೊಟ್ಟರು. ಕಾಂಬಳೆಯದು ಸ್ವಂತ ನಿಷ್ಕಾಳಜಿ ಎಂದು ತೀರ್ಮಾನವಾಯಿತು. ಕೆಲಸದ ಮೇಲೆ ಪೆಟ್ಟಾದವನು ಎನ್ನಿಸಿಕೊಳ್ಳಲಿಲ್ಲ, ತನ್ನ ಕಾಲಿಗೆ ತಾನೇ ಗುಂಡು ಹಾರಿಸಿಕೊಂಡವನು ಎನ್ನಿಸಿಕೊಂಡ. ಕಾಲು ಮಡಚದ ಮನುಷ್ಯ ಪಡೆಯಲ್ಲಿ ಎಷ್ಟು ದಿನ ಉಳಿದಾನು? ಬಿಟ್ಟು ಬಂದ. ಅಣ್ಣಾರಿಗೆ ಎರಡೇ ದಿನದಲ್ಲಿ ಹೊಸ ಗನ್‌ಮ್ಯಾನ್ ಸಿಕ್ಕ.

ಮೇಲೆ ಬರೆದುಕೊಳ್ಳಬಹುದಿತ್ತು, ಬರೆದೆವು. ಉತ್ತರ ಬರಲಿಲ್ಲ. ಆದರೆ ಕಾಂಬಳೆಯನ್ನು ತಿಂದದ್ದು ಅದಲ್ಲ. ಅವನಪ್ಪ ಹಾಸಿಗೆ ಹಿಡಿದ ಮೇಲೂ ಮಗನನ್ನು ಕರೆದು ಕೇಳುತ್ತಿದ್ದ, "ಖರೇ ಹೇಳಪಾ, ನೀನ ತಪ್ಪ ಮಾಡಿದೇನ? ಸರಕಾರ ಸುಳ್ಳ ಹೇಳತೈತೇನು?" ಸರಕಾರದ ಮೇಲೆ ಆ ಮುದುಕನಿಗೆ ಅಷ್ಟು ನಂಬಿಕೆ. ಕಾಂಬಳೆ ಪ್ರತಿ ಸಲ, "ಇಲ್ಲಪ್ಪಾ" ಎನ್ನುತ್ತಿದ್ದ. ಮುದುಕ ನಂಬಿದನೋ ಇಲ್ಲವೋ ತಿಳಿಸದೆಯೇ ಹೋದ. "ಅಣ್ಣಾ, ನನಗ ನೌಕರಿ ಬ್ಯಾಡ. ಆ ಸಾಹೇಬ್ರ ಬಾಯಿಂದ, ತಪ್ಪ ನಿಂದಲ್ಲ ಅಂತ ಒಂದ ಮಾತ ಬೇಕು" ಎಂದು ಮಣ್ಣು ಕೊಟ್ಟು ಬಂದ ದಿನ ನನ್ನ ಮುಂದೆ ಅತ್ತ.

ಈಗ ಕಾಂಬಳೆ ಅದೇ ಜಗುಲಿಯ ಮೇಲೆ ಕೂತು ಪಟ್ಟಿ ಹೊಲಿಯುತ್ತಾನೆ. ಅಪ್ಪ ಬಿಡಿಸಿದ ಆರಿಯನ್ನು ಇಲಾಖೆ ಮರಳಿ ಕೈಗೆ ಕೊಟ್ಟಿತು. ಗೋಕಾಕ, ಹುಕ್ಕೇರಿ, ಮೂಡಲಗಿಯಿಂದ ಗನ್‌ಮ್ಯಾನ್‌ಗಳು ಸದ್ದಿಲ್ಲದೆ ಬಂದು ಅಳತೆ ಕೊಟ್ಟು ಹೋಗುತ್ತಾರೆ. ಇಲಾಖೆಯದಲ್ಲದ ಆ ಪಟ್ಟಿ ಈಗ ಅರ್ಧ ಇಲಾಖೆಯ ಹೊಟ್ಟೆಯ ಮೇಲಿದೆ. ನಾನೂ ಸಂಕೇಶ್ವರದ ಬಸ್ಸು ಹತ್ತಿ ಆಗಾಗ ಹೋಗಿ ಕೂಡುತ್ತೇನೆ.

ಹೋದ ತಿಂಗಳು ಹಾಗೆ ಕೂತಿದ್ದಾಗ ಒಂದು ಕಾರು ಬಂದು ನಿಂತಿತು. ಇಳಿದವರು ಸಾಹೇಬರು. ಅವರೂ ನಿವೃತ್ತರಾಗಿದ್ದಾರೆ. ಕಾಲಲ್ಲಿ ಓಟದ ಬೂಟು.

"ಅರೆ, ಕಾಂಬಳೆ. ಚಲೋ ಧಂದೆ ಹಿಡದೀಯಲಾ" ಎಂದರು. ನನ್ನ ಕಡೆ ನೋಡಿ, "ನೀನೂ ಇಲ್ಲೇ ಇದ್ದೀಯೇನು?" ಎಂದರು. ಹೊಲದ ಜಗಳವಂತೆ, ಯಾರೋ ಬೆದರಿಸಿದ್ದಾರಂತೆ, ಲೈಸೆನ್ಸಿನ ಪಿಸ್ತೂಲು ತೆಗೆದುಕೊಂಡಿದ್ದಾರೆ. "ಮುಂಜಾನೆ ಓಡಾಕ ಹೊಕ್ಕೇನಿ. ಪ್ಯಾಂಟಿನಾಗ ನಿಲ್ಲವಲ್ದು. ನಿನ್ನ ಪಟ್ಟಿ ಭಾಳ ಚಲೋ ಅಂತ ಎಲ್ಲಾರೂ ಹೇಳಿದ್ರು. ಕಪ್ಪ ಬಣ್ಣದ್ದ ಇರಲಿ."

ನಾಚಿಕೆ ಎಂಬುದು ಮುಖದಲ್ಲಿ ಎಳ್ಳಷ್ಟೂ ಇರಲಿಲ್ಲ. ನನಗೆ ಅವರನ್ನು ಜಗುಲಿಯಿಂದ ನೂಕಬೇಕೆನ್ನಿಸಿತು. ಕಾಂಬಳೆ ಕೋಲು ಊರಿ ಎದ್ದ, ಟೇಪು ತೆಗೆದ.

"ಕೈ ಎತ್ರಿ, ಸಾಹೇಬ್ರ."

ಸಾಹೇಬರು ನನ್ನ ಕಡೆ ನೋಡದೆಯೇ ಕಾರಿನ ಚಾವಿಯನ್ನೂ ಮೊಬೈಲನ್ನೂ ನನ್ನತ್ತ ಚಾಚಿದರು. "ಇದನ್ನ ಹಿಡಿ."

ನೌಕರಿಯ ರೂಢಿ ನೋಡಿ, ನನ್ನ ಕೈ ತಾನಾಗಿ ಮುಂದೆ ಹೋಯಿತು. ಅರ್ಧ ದಾರಿಯಲ್ಲಿ ನಿಲ್ಲಿಸಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

"ನಿಮ್ಮ ಚಾವಿ ನೀವ ಹಿಡಕೋರಿ" ಎಂದೆ.

ಒಂದು ಕೈಯಲ್ಲಿ ಚಾವಿ, ಒಂದು ಕೈಯಲ್ಲಿ ಮೊಬೈಲು ಹಿಡಿದು ಸಾಹೇಬರು ಕೈ ಮೇಲೆತ್ತಿ ನಿಂತರು. ಕಾಂಬಳೆ ಅವಸರ ಮಾಡಲಿಲ್ಲ. ಸೊಂಟಕ್ಕೆ ಟೇಪು ಸುತ್ತಿ, ಬಿಗಿ ನೋಡಿ, ಮತ್ತೆ ಸುತ್ತಿದ. ಆಮೇಲೆ ಸಾಧಾರಣ ದನಿಯಲ್ಲಿ, ಅಳತೆ ಕೇಳುವವನ ಹಾಗೆಯೇ ಕೇಳಿದ.

"ಸಾಹೇಬ್ರ, ಈಗ ನಿಮ್ಮ ಎರಡೂ ಕೈ ತುಂಬ್ಯಾವ. ಯಾರರ ಬಂದು ಇನ್ನೊಂದ ಸಾಮಾನ ಕೊಟ್ರ, ಬ್ಯಾಡ ಅನ್ನಾಕ ಬರೂದಿಲ್ಲ ಅನ್ಕೋರಿ, ಎಲ್ಲಿ ಇಡತೀರಿ?"

"ಎಲ್ಲಿ ಅಂದ್ರ? ಜೇಬಿನಾಗ ಇಡತೇನಿ" ಎಂದರು ಸಾಹೇಬರು. "ಇನ್ನೆಲ್ಲಿ ಇಡಾಕ ಬರತೈತಿ?"

ಅಂದ ಮೇಲೆ ತಾವು ಅಂದದ್ದೇನು ಎಂದು ಅವರಿಗೆ ತಿಳಿಯಿತು. ಎತ್ತಿದ ಕೈಗಳು ಹಾಗೆಯೇ ಇದ್ದವು, ಇಳಿಸಬೇಕೋ ಬಾರದೋ ತಿಳಿಯದವರ ಹಾಗೆ.

ಕಾಂಬಳೆ ಟೇಪು ಸುತ್ತಿಟ್ಟ. ಒಳಮನೆಯ ಬಾಗಿಲಲ್ಲಿ ಕಾಣುತ್ತಿದ್ದ ಅಪ್ಪನ ಫೋಟೋದ ಕಡೆ ತಿರುಗಿ, "ಕೇಳಿದೇನಪ್ಪಾ?" ಎಂದ. ಆಮೇಲೆ ಕೂತು ಚರ್ಮ ಕತ್ತರಿಸಲು ಶುರುಮಾಡಿದ.